ಕೊಕ್ಕೆ ಅಡಗಿಸಿಕೊಂಡ ಮೆತ್ತನೆಯ ಮೀನು

ನಾಲ್ಕು ಇಂಚಿನ ಪ್ಲಾಸ್ಟಿಕ್ ಮೀನು. ಮುಟ್ಟಿದರೆ ಹಲಸಿನ ತೊಳೆಯಷ್ಟು ಮೆತ್ತಗೆ. ಬೆನ್ನು ಪಾಚಿ ಬಣ್ಣ, ಹೊಟ್ಟೆ ಬಿಳಿ, ಬಾಲದ ತುದಿ ಮಾತ್ರ ಮಕ್ಕಳ ಗಂಬೂಟಿನ ಹಾಗೆ ಅಡ್ಡಕ್ಕೆ ಮಡಚಿಕೊಂಡಿದೆ. ಇದನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಎಸೆದು ನಿಧಾನಕ್ಕೆ ಎಳೆದರೆ ಆ ಬೂಟು ಎಡಬಲಕ್ಕೆ ಬಡಿದುಕೊಂಡು, ಇಡೀ ಮೀನು ಸೊಂಟ ಕುಣಿಸುತ್ತ ಈಜುತ್ತದೆ. ಇದಕ್ಕೆ ಸ್ವಿಮ್‌ಬೇಟ್ ಅಂತ ಹೆಸರು. ಸರಿ, ಕೊಕ್ಕೆಯನ್ನು ಎಲ್ಲಿ ಚುಚ್ಚಬೇಕು? ಬಾಯಲ್ಲೋ, ಹೊಟ್ಟೆಯಲ್ಲೋ, ಬೆನ್ನಲ್ಲೋ? ಮೊನೆ ಹೊರಗೆ ಚಾಚಿರಬೇಕೋ, ಒಳಗೇ ಅಡಗಿರಬೇಕೋ?

ಕೇಳಲಿಕ್ಕೆ ಇದು ಐದು ನಿಮಿಷದ ಪ್ರಶ್ನೆ. ಅಮೆರಿಕದಲ್ಲಿ ಇದಕ್ಕೆ ಮುಕ್ಕಾಲು ಶತಮಾನದ ಇತಿಹಾಸವಿದೆ ಎಂದರೆ ನಂಬುತ್ತೀರಾ? ಕೊಕ್ಕೆ, ದಾರ, ಸೀಸ, ಎರೆ ಇವನ್ನು ಜೋಡಿಸುವ ಕ್ರಮಕ್ಕೆ ಅವರು ರಿಗ್ಗಿಂಗ್ ಅನ್ನುತ್ತಾರೆ. ಅದರಲ್ಲಿ ಟೆಕ್ಸಸ್ ರಿಗ್, ಅಲಬಾಮ ರಿಗ್ ಎಂದು ರಾಜ್ಯಗಳ ಹೆಸರಿನವೇ ಇವೆ, ನಮ್ಮಲ್ಲಿ ಮೈಸೂರು ಪಾಕ್, ಧಾರವಾಡ ಪೇಡ ಇದ್ದ ಹಾಗೆ. ಆ ಹೆಸರುಗಳ ಬೆನ್ನು ಹತ್ತಿ ಓದುತ್ತ ಹೋದರೆ ಮೀನಿಗಿಂತ ಹೆಚ್ಚಾಗಿ ಅಣೆಕಟ್ಟುಗಳ ಕಥೆ, ಮುಳುಗಿದ ಕಾಡಿನ ಕಥೆ ಎದುರಾಯಿತು. ಅದಕ್ಕೇ ಬರೆಯೋಣ ಅನ್ನಿಸಿದ್ದು.

ಮೊದಲೇ ಒಂದು ಮಾತು. ನಾನು ಮೀನು ತಿನ್ನುವವನಲ್ಲ. "ತಿನ್ನದವರಿಗೆ ಗಾಳದ ಉಸಾಬರಿ ಯಾಕೆ?" ಅಂತ ಮನೆಯಲ್ಲೂ ಕೇಳಿಯಾಗಿದೆ. ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಪವಾಯಿ ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗ್ ಹೋಗುವವನಿಗೆ ಗಾಳ ಹಾಕುವವರ ಸಹವಾಸ ತಪ್ಪಿದ್ದಲ್ಲ. ಅಲ್ಲಿ ಹಿರಿಯರು ಹಿಟ್ಟಿನ ಉಂಡೆ ಸಿಕ್ಕಿಸಿ ರೋಹು, ಕಟ್ಲಾಗೆ ಕಾಯುತ್ತ ಧ್ಯಾನಸ್ಥರಾಗಿ ಕೂತಿರುತ್ತಾರೆ. ಹುಡುಗರು ಮಾತ್ರ ಈ ಪ್ಲಾಸ್ಟಿಕ್ ಮೀನಿನ ಪೊಟ್ಟಣಗಳನ್ನು ಬ್ಯಾಗಿನಲ್ಲಿಟ್ಟುಕೊಂಡು, ರಜೆ ಸಿಕ್ಕಿದರೆ ರಾಯಗಡದ ಖಾಡಿಗಳ ಕಡೆ ಜಿತಾಡಾ ಹಿಡಿಯಲು ಓಡುತ್ತಾರೆ. ಅವರ ಪೊಟ್ಟಣದ ಮೇಲಿನ ಚಿತ್ರದಲ್ಲಿ ಇರುವುದು ಮಾತ್ರ ಜಿತಾಡಾ ಅಲ್ಲ, ಬಾಸ್. ಆಫೀಸಿನ ಬಾಸ್ ಅಲ್ಲ ಸ್ವಾಮಿ, ಉತ್ತರ ಅಮೆರಿಕದ ಸಿಹಿನೀರಿನ ಮೀನು. ದೊಡ್ಡ ಬಾಯಿಯ ಬಾಸ್ ಅಂದರೆ ನಿಜಕ್ಕೂ ದೊಡ್ಡ ಬಾಯಿ. ತೆರೆದರೆ ಮುಷ್ಟಿ ಹಿಡಿಸುವಂಥದ್ದು. (ಆಫೀಸಿನದಕ್ಕೂ ಇದು ಹೊಂದುತ್ತದೆ ಎಂದು ನೀವು ಅಂದುಕೊಂಡರೆ ನಾನು ಜವಾಬ್ದಾರನಲ್ಲ.)

ಈ ಬಾಸ್ ಬೆನ್ನಟ್ಟಿ ಹೋಗಿ ಬೇಟೆಯಾಡುವುದಕ್ಕಿಂತ ಹೊಂಚಿ ಹಿಡಿಯುವ ಜಾತಿ. ನೀರಿನೊಳಗಿನ ಬೊಡ್ಡೆ, ಜೊಂಡು, ಬಂಡೆಯ ಮರೆಯಲ್ಲಿ ನಿಂತಿರುತ್ತದೆ. ಸಣ್ಣ ಮೀನು, ಸಿಗಡಿ, ಕಪ್ಪೆ ಏನೇ ಎದುರು ಸುಳಿಯಲಿ, ಬಾಯಿ ತೆರೆದು ನೀರಿನ ಸಮೇತ ಒಳಗೆ ಸೆಳೆದುಕೊಳ್ಳುತ್ತದೆ. ಅಂದರೆ ಮೀನು ಇರುವ ಜಾಗದಲ್ಲೇ ಕೊಕ್ಕೆ ಸಿಕ್ಕಿಕೊಳ್ಳುವ ಕಸಕಡ್ಡಿಯೂ ಇರುತ್ತದೆ. ಮೊನೆ ಹೊರಗಿದ್ದರೆ ಮೀನಿಗಿಂತ ಮೊದಲು ಮರದ ಬೇರು ಕಚ್ಚಿಕೊಳ್ಳುತ್ತದೆ. ಮೊನೆ ಅಡಗಿಸಿದರೆ ಮೀನಿನ ಬಾಯಿಗೆ ನಾಟುವುದಿಲ್ಲ. ಮುಂದೆ ಬರುವ ಎಲ್ಲ ರಿಗ್ಗುಗಳೂ ಹುಟ್ಟಿದ್ದು ಈ ಪೇಚಿನಿಂದಲೇ.

ನಮ್ಮ ಭಾಷೆ ಈ ವಿಷಯದಲ್ಲಿ ಚುರುಕು ನೋಡಿ. ಗಾಳಕ್ಕೆ ಸಿಕ್ಕಿಸುವ ಆಹಾರ ಎರೆ. ಮಣ್ಣಿನ ಹುಳುವಿಗೆ ಎರೆಹುಳು ಎಂದೇ ಹೆಸರಿಟ್ಟುಬಿಟ್ಟೆವು. ಹುಳುವಿನ ಕಸುಬೇ ಅದರ ಹೆಸರಾಯಿತು, ಪಾಪ. ಇನ್ನು ಗಾಳದ ಬಗ್ಗೆ ಬರೆದ ರಾಜನೇ ನಮ್ಮಲ್ಲಿದ್ದ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ, 1126ರಿಂದ 1138ರವರೆಗೆ ಆಳಿದವನು, ಇಂದಿನ ಬಸವಕಲ್ಯಾಣವೇ ಅವನ ರಾಜಧಾನಿ. ಅವನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ: ಮೀನಿನ ಜಾತಿಗಳು, ಅವಕ್ಕೆ ಹಾಕುವ ಆಹಾರ, ಗಾಳದ ಸಲಕರಣೆ, ಹಿಡಿಯುವ ರೀತಿ. ಆಮೇಲೆ ಕಾವೇರಿಯಲ್ಲಿ ಭೀಮೇಶ್ವರಿ, ಗಾಲಿಬೋರೆ ಕಡೆ ಮಹಶೀರ್ ಹಿಡಿಯುತ್ತಿದ್ದವರ ಎರೆ ಯಾವುದು ಗೊತ್ತೇ? ರಾಗಿ! ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ಆ ಉಂಡೆಯನ್ನು ಕೊಕ್ಕೆಯ ಸುತ್ತ ಮೆತ್ತುತ್ತಿದ್ದರು. ಕೊಕ್ಕೆ ಒಳಗೆ, ಮೆತ್ತನೆಯ ಮೈ ಹೊರಗೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್ ತೂಗುವ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದದ್ದು ಪ್ರಸಿದ್ಧ. ಆ ದಪ್ಪಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದು ಬೇರೆಯೇ ಬರಹದ ವಿಷಯ, ಇನ್ನೊಮ್ಮೆ ಬರೆಯುತ್ತೇನೆ. ಅಮೆರಿಕಕ್ಕೆ ಹೋಗೋಣ.

ಅಲ್ಲಿ ಬಾಸ್ ಮೀನಿಗೆ ಮರ್ಯಾದೆ ತಂದುಕೊಟ್ಟ ಪುಸ್ತಕ 1881ರದು, ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ ಬರೆದದ್ದು. ಅಲ್ಲಿಯವರೆಗೆ ಟ್ರೌಟ್ ಸಾಹೇಬರ ಮೀನು, ಬಾಸ್ ಹಳ್ಳಿಯವರ ಮೀನು ಎಂಬ ಭಾವನೆಯಿತ್ತು. ಆ ಕಾಲಕ್ಕೆ ಎರೆಯೆಂದರೆ ಜೀವಂತ ಮರಿಮೀನು. 1890ರ ದಶಕದ ಕೊನೆಯಿಂದ ಮಿಶಿಗನ್ನಿನ ಜೇಮ್ಸ್ ಹೆಡ್ಡನ್ ಅಂಥವರು ಮರದ ಕಪ್ಪೆ, ಮರದ ಮೀನು ಕೆತ್ತಿ ಮಾರತೊಡಗಿದರು. 1932ರ ಜೂನ್ 2ರಂದು ಜಾರ್ಜಿಯಾದ ಜಾರ್ಜ್ ಪೆರ್‍ರಿ ಎಂಬ ಬಡ ಯುವ ರೈತ ಮರದ ಎರೆಗೇ 22 ಪೌಂಡ್ 4 ಔನ್ಸಿನ, ಅಂದರೆ ಹತ್ತು ಕಿಲೋಗೂ ತುಸು ಹೆಚ್ಚಿನ ಬಾಸ್ ಹಿಡಿದ. ಆರ್ಥಿಕ ಮುಗ್ಗಟ್ಟಿನ ದಿನಗಳು. ತೂಕ ಬರೆಸಿದ, ಮನೆಗೆ ಒಯ್ದ, ಮನೆಮಂದಿಯೆಲ್ಲ ಬೇಯಿಸಿ ಉಂಡರು. ಜಗತ್ತಿನ ದಾಖಲೆಯ ಮೀನು ಊಟದ ತಟ್ಟೆಗೆ! ನನಗಂತೂ ಇದು ಇಡೀ ಇತಿಹಾಸದಲ್ಲಿ ಅತ್ಯಂತ ಪ್ರಾಮಾಣಿಕ ಘಟನೆ ಅನ್ನಿಸುತ್ತದೆ. ಮುಂದೆ ಈ ಮೀನು ತಿನ್ನುವುದಕ್ಕೆ ಅಲ್ಲವೇ ಅಲ್ಲ ಎಂಬ ಕಾಲ ಬಂತು.

ಮರದ ಎರೆ ಗಟ್ಟಿ. ಅದರಿಂದ ಮೂರು ಮೊನೆಯ ಕೊಕ್ಕೆಗಳು ನೇತಾಡುತ್ತವೆ. ತೆರೆದ ನೀರಿನಲ್ಲಿ ಪರವಾಗಿಲ್ಲ, ಕಸದಲ್ಲಿ ಮುಗಿಯಿತು. ಮೆತ್ತನೆಯ ಎರೆ ಬಂದದ್ದು ಓಹಾಯೋ ರಾಜ್ಯದ ಆಕ್ರನ್ ಊರಿನಿಂದ. ಗುಡ್‌ಇಯರ್, ಫೈರ್‌ಸ್ಟೋನ್ ಟೈರುಗಳ ಊರು, ರಬ್ಬರಿನ ರಾಜಧಾನಿ ಎಂದೇ ಹೆಸರು. ಅಲ್ಲಿ ಯಂತ್ರ ನಡೆಸುವ ಕೆಲಸದಲ್ಲಿದ್ದ ನಿಕ್ ಕ್ರೀಮ್ ಎಂಬಾತನಿಗೆ ಬಾಸ್ ಹುಚ್ಚು. ರಬ್ಬರಿನ ಹುಳುಗಳು ಮೊದಲೂ ಇದ್ದವು, ಆದರೆ ಬಿರುಸು. ಮೀನು ಬಾಯಿಗೆ ಹಾಕಿಕೊಂಡ ಕ್ಷಣದಲ್ಲೇ ಉಗುಳಿಬಿಡುತ್ತಿತ್ತು. ಕ್ರೀಮ್ ಮತ್ತು ಅವನ ಹೆಂಡತಿ ಕಾಸ್ಮಾ 1940ರ ದಶಕದ ಕೊನೆಯಲ್ಲಿ ಅಡುಗೆಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣ ಕಲಸಿ ಕಾಯಿಸಿ ನೋಡತೊಡಗಿದರು. ನಿಜವಾದ ಎರೆಹುಳುವಿನಿಂದಲೇ ಅಚ್ಚು ತೆಗೆದರು. 1949ರಲ್ಲಿ ಹದ ಬಂತು. ಮೆತ್ತಗೆ, ಬಳುಕುವ, ಆದರೆ ಹರಿಯದ ಹುಳು. 1951ರ ಹೊತ್ತಿಗೆ ಅಂಚೆಯ ಮೂಲಕ ಡಾಲರಿಗೆ ಐದರಂತೆ ಮಾರತೊಡಗಿದರು.

ಆ ಅಡುಗೆಮನೆಯ ವಾಸನೆ ನೆನೆಸಿಕೊಂಡೇ ಕಾಸ್ಮಾ ಅಮ್ಮನ ಬಗ್ಗೆ ಗೌರವ ಹುಟ್ಟುತ್ತದೆ. ಪಿವಿಸಿ ಪುಡಿಯನ್ನು ಮೆದುಗೊಳಿಸುವ ಎಣ್ಣೆಯಂಥ ದ್ರವದಲ್ಲಿ ಕಲಸಿದರೆ ಹಾಲಿನಂಥ ದ್ರಾವಣವಾಗುತ್ತದೆ, ಅದಕ್ಕೆ ಪ್ಲಾಸ್ಟಿಸಾಲ್ ಅನ್ನುತ್ತಾರೆ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಪುಡಿಯ ಕಣಗಳು ಆ ದ್ರವವನ್ನು ಹೀರಿ ಊದಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಚ್ಚಿಗೆ ಸುರಿದು ಆರಿಸಿದರೆ ಮೆತ್ತನೆಯ ಮೈ. ದ್ರವ ಹೆಚ್ಚಾದರೆ ಹಲ್ವದಷ್ಟು ಮಿದು, ಕಡಿಮೆಯಾದರೆ ಚಪ್ಪಲಿಯಷ್ಟು ಗಟ್ಟಿ. ಬರ್ಫಿಯ ಪಾಕದ ಹಾಗೇ, ಎಲ್ಲ ಹದದಲ್ಲಿದೆ. ಇವತ್ತಿಗೂ ಹುಳುವಾಗಲಿ ಸ್ವಿಮ್‌ಬೇಟ್ ಆಗಲಿ ಬಹುಪಾಲು ಇದೇ ಪಾಕ.

ಆದರೆ ಕ್ರೀಮ್ ಹುಳುವಿನ ಮೊದಲ ಕಾಲದ ಜೋಡಣೆ ಹಳೆಯ ರೀತಿಯದೇ ಆಗಿತ್ತು. ಮಣಿ, ಸಣ್ಣ ತಿರುಗುವ ರೆಕ್ಕೆ, ಹುಳುವಿನ ಮೈಯುದ್ದಕ್ಕೂ ಎರಡು ಮೂರು ಕೊಕ್ಕೆ, ಎಲ್ಲದರ ಮೊನೆಯೂ ಹೊರಗೆ. ಮೈ ಮೆತ್ತಗಾದ ಮೇಲೆ ಮೊನೆಯನ್ನು ಮೈಯೊಳಗೇ ಹೂಳಬಹುದು ಎಂಬ ಯುಕ್ತಿ ಹಬ್ಬಲಿಕ್ಕೆ ಬೇರೆ ತರಹದ ನೀರು ಬೇಕಾಯಿತು. ಆ ನೀರು ಟೆಕ್ಸಸ್ಸಿನಲ್ಲಿ ನಿಲ್ಲುತ್ತಿತ್ತು.

ಅಮೆರಿಕದ ದಕ್ಷಿಣದಲ್ಲಿ ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳು ಅಣೆಕಟ್ಟಿನ ದಶಕಗಳು. 1933ರಲ್ಲಿ ಟೆನೆಸ್ಸೀ ಕಣಿವೆ ಪ್ರಾಧಿಕಾರ ಹುಟ್ಟಿ, ಒಂದರ ಹಿಂದೆ ಒಂದು ಕಟ್ಟೆ ಎದ್ದು, ಸಾವಿರಾರು ಕುಟುಂಬಗಳು ಹೊಲಮನೆ ಬಿಟ್ಟು ಏಳಬೇಕಾಯಿತು. ಅಲಬಾಮದ ಗಂಟರ್ಸ್‌ವಿಲ್ ಕಟ್ಟೆ 1939ರದು. ಈ ಹೆಸರು ನೆನಪಿಡಿ, ಮುಂದೆ ಬೇಕು. ಟೆಕ್ಸಸ್ಸಿನ ಪೂರ್ವದ ಪೈನ್ ಕಾಡುಗಳಲ್ಲಿ 1965ರಲ್ಲಿ ಸ್ಯಾಮ್ ರೇಬರ್ನ್ ಜಲಾಶಯ ಬಂತು. 1969ರಲ್ಲಿ ಲೂಸಿಯಾನ ಗಡಿಯ ಸಬೀನ್ ನದಿಗೆ ಟೊಲೀಡೊ ಬೆಂಡ್ ಅಣೆಕಟ್ಟು ಮುಗಿಯಿತು. ಅದರ ಹರವು ಸುಮಾರು 1,85,000 ಎಕರೆ. ಆ ಎಕರೆಗಳಲ್ಲಿ ಬಹಳಷ್ಟು ಕಡೆ ಮರ ಕಡಿಯದೆಯೇ ನೀರು ತುಂಬಿಸಿದರು. ಮರಗಳು ನಿಂತಲ್ಲೇ ಮುಳುಗಿ ನಿಂತಲ್ಲೇ ಸತ್ತವು.

ಸಾಗರದ ಕಡೆಯವನಾದ ನನಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿ ಹಿನ್ನೀರಿನಲ್ಲಿ ಕಪ್ಪಾಗಿ, ಕೊಂಬೆಯಿಲ್ಲದೆ, ನೀರಿನಿಂದ ಎದ್ದು ನಿಂತ ಬೊಡ್ಡೆಗಳನ್ನು ಹಸಿರುಮಕ್ಕಿ ಲಾಂಚಿನಲ್ಲೋ ಹೊಳೆಬಾಗಿಲಿನಲ್ಲೋ ಓಡಾಡಿದವರೆಲ್ಲ ನೋಡಿದ್ದೇವೆ. ನೀರು ಇಳಿದ ಬೇಸಿಗೆಯಲ್ಲಿ ಹಿಂದಿನ ಮಡೆನೂರು ಕಟ್ಟೆಯೇ ಎದ್ದು ಕಾಣುತ್ತದೆ. ನಮ್ಮ ಹಿರಿಯರು ಆ ಬೊಡ್ಡೆಗಳನ್ನು ತೋರಿಸಿ "ಅದು ಇಂಥವರ ಮನೆಯ ಹಿಂದಿನ ಮರ" ಎಂದು ಗುರುತು ಹೇಳುತ್ತಿದ್ದರು. ಟೆಕ್ಸಸ್ಸಿನ ಗಾಳಗಾರರ ಭಾಷೆಯಲ್ಲಿ ಅಂಥ ಮರಕ್ಕೆ ಕವರ್ ಅಂತ ಹೆಸರು, ಮೀನಿನ ಮರೆ. ಒಂದೇ ಬೊಡ್ಡೆ ಒಬ್ಬರಿಗೆ ಮನೆಯ ಗುರುತು, ಇನ್ನೊಬ್ಬರಿಗೆ ಮೀನಿನ ವಿಳಾಸ.

ಹೊಸ ಜಲಾಶಯದಲ್ಲಿ ಮೊದಲ ಕೆಲವು ವರ್ಷ ಮೀನಿಗೆ ಹಬ್ಬ. ಕೊಳೆಯುವ ಎಲೆ, ಹುಲ್ಲು, ಮಣ್ಣಿನ ಸತ್ವ ಎಲ್ಲ ನೀರಿಗೆ ಬಿಟ್ಟು ಹುಳಹುಪ್ಪಟೆ ಹೆಚ್ಚುತ್ತವೆ, ಅದನ್ನು ತಿನ್ನುವ ಮರಿಮೀನು ಹೆಚ್ಚುತ್ತದೆ, ಅದನ್ನು ತಿನ್ನುವ ಬಾಸ್ ಹೆಚ್ಚುತ್ತದೆ. ಟೆಕ್ಸಸ್ಸಿನ ಈ ಹೊಸ ಕೆರೆಗಳನ್ನು ನೋಡಿಯೇ ನಿಕ್ ಕ್ರೀಮ್ 1960ರ ಆಸುಪಾಸಿನಲ್ಲಿ ತನ್ನ ಕಾರ್ಖಾನೆಯನ್ನು ಟೆಕ್ಸಸ್ಸಿನ ಟೈಲರ್ ಊರಿಗೆ ತಂದಿದ್ದು. ಮೀನು ಬೇಕಾದಷ್ಟು, ಆದರೆ ಅದು ನಿಂತಿರುವುದು ಮುಳುಗಿದ ಕಾಡಿನ ಕೊಂಬೆಗಳ ನಡುವೆ. ಹೊರಚಾಚಿದ ಮೊನೆಗಳ ಆ ಸರ ಅಲ್ಲಿ ಒಂದು ಎಸೆತಕ್ಕೂ ಬಾಳುವುದಿಲ್ಲ.

ಅಲ್ಲಿ ಬೇರೂರಿದ್ದು ಟೆಕ್ಸಸ್ ರಿಗ್. ಬಂದೂಕಿನ ಗುಂಡಿನ ಆಕಾರದ ಸೀಸ, ನಡುವೆ ತೂತು. ದಾರವನ್ನು ಅದರೊಳಗೆ ತೂರಿಸಿ ಕೊಕ್ಕೆಗೆ ಕಟ್ಟುತ್ತಾರೆ, ಸೀಸ ದಾರದ ಮೇಲೆ ಸರಿದಾಡುತ್ತದೆ. ಕೊಕ್ಕೆಯ ಮೊನೆಯನ್ನು ಹುಳುವಿನ ಮೂತಿಯಲ್ಲಿ ಕಾಲಿಂಚು ಚುಚ್ಚಿ ಪಕ್ಕದಿಂದ ಹೊರಗೆ ತೆಗೆದು, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ, ಮೊನೆಯನ್ನು ಮತ್ತೆ ಮೈಯೊಳಗೆ ಹುದುಗಿಸುವುದು. ಅಷ್ಟೇ. ಚೂಪು ಮೂತಿಯ ಸೀಸ ಕೊಂಬೆಗಳ ನಡುವೆ ನುಸುಳುತ್ತದೆ, ಮುಚ್ಚಿದ ಮೊನೆ ಎಲ್ಲೂ ಸಿಕ್ಕುವುದಿಲ್ಲ. ಬಾಸ್ ಕಚ್ಚಿ ಅದುಮಿದಾಗ, ಗಾಳದವನು ಬಲವಾಗಿ ಜಗ್ಗಿದಾಗ, ಮೆತ್ತನೆಯ ಮೈ ಸೀಳಿಕೊಂಡು ಮೊನೆ ಹೊರಬರುತ್ತದೆ. ಹುಳು ಬಿರುಸಾಗಿದ್ದರೆ ಈ ಉಪಾಯ ನಡೆಯುತ್ತಲೇ ಇರಲಿಲ್ಲ. ಆಕ್ರನ್ನಿನ ಪಾಕ ಮತ್ತು ಟೆಕ್ಸಸ್ಸಿನ ಮುಳುಗಿದ ಕಾಡು, ಎರಡೂ ಸೇರಿದ್ದರಿಂದಲೇ ಇದು ಕುದುರಿತು. ರಿಗ್ಗಿಗೆ ಮನುಷ್ಯನ ಹೆಸರಿಲ್ಲದೆ ಪ್ರಾಂತ್ಯದ ಹೆಸರಿರುವುದು ಸರಿಯಾಗಿಯೇ ಇದೆ.

ಮುಂದಿನ ಒಂದು ದಶಕ ದುಡ್ಡಿನದು, ಬೇಗ ಹೇಳಿ ಮುಗಿಸುತ್ತೇನೆ. ಅಲಬಾಮದ ಮಾಂಟ್‌ಗಮೆರಿಯಲ್ಲಿ ಇನ್ಶೂರೆನ್ಸ್ ಮಾರುತ್ತಿದ್ದ ರೇ ಸ್ಕಾಟ್ 1967ರಲ್ಲಿ ಆರ್ಕನ್ಸಾಸಿನ ಬೀವರ್ ಲೇಕಿನಲ್ಲಿ ಬಾಸ್ ಹಿಡಿಯುವ ಪಂದ್ಯ ನಡೆಸಿದ, 1968ರಲ್ಲಿ ಬಾಸ್ ಗಾಳಗಾರರ ಸಂಘ ಕಟ್ಟಿದ, 1972ರಿಂದ ಹಿಡಿದ ಮೀನನ್ನು ಕೊಲ್ಲದೆ ತೂಗಿ ವಾಪಸು ನೀರಿಗೆ ಬಿಡುವ ಪದ್ಧತಿ ತಂದ. ಪೆರ್‍ರಿಯ ಮನೆಯ ಊಟಕ್ಕೂ ಇದಕ್ಕೂ ಬರೀ ನಲವತ್ತು ವರ್ಷದ ಅಂತರ. ಇನ್ಶೂರೆನ್ಸ್ ಏಜೆಂಟರು ಎಲ್ಲ ದೇಶದಲ್ಲೂ ಒಂದೇ, ಜಗತ್ತನ್ನೇ ಒಪ್ಪಿಸಿಬಿಡುತ್ತಾರೆ. ಅಲಬಾಮದವನೇ ಆದ ಟಾಮ್ ಮ್ಯಾನ್ ಪ್ಲಾಸ್ಟಿಕ್ ಹುಳುವಿಗೆ ಹಣ್ಣಿನ ಪರಿಮಳ ಸೇರಿಸಿ ಜೆಲ್ಲಿ ವರ್ಮ್ ಎಂದು ಮಾರಿ ಹಣ ಮಾಡಿದ. ಬಹುಮಾನದ ಮೊತ್ತ ಬೆಳೆದ ಹಾಗೆ ರಿಗ್ಗುಗಳೂ ಬೆಳೆದವು.

ಹುಳುವಿನಿಂದ ಮೀನಿನಾಕಾರಕ್ಕೆ ಬರುವ ಕಥೆ ಕ್ಯಾಲಿಫೋರ್ನಿಯದ್ದು. ಅಲ್ಲೂ ಮನುಷ್ಯನೇ ಕೈಯಾಡಿಸಿದ ನೀರು. ಬಾಸ್ ಆ ರಾಜ್ಯದ ಮೂಲ ನಿವಾಸಿಯೇ ಅಲ್ಲ. 1959ರಲ್ಲಿ ಫ್ಲಾರಿಡದ ದೊಡ್ಡ ಗಾತ್ರದ ತಳಿಯನ್ನು ಸ್ಯಾನ್ ಡಿಯಾಗೋದ ಅಪ್ಪರ್ ಓಟೇ ಕೆರೆಗೆ ತಂದು ಬಿಟ್ಟರು, ಅಲ್ಲಿಂದ ಉಳಿದ ಜಲಾಶಯಗಳಿಗೆ ಹೋಯಿತು. ಅದೇ ಜಲಾಶಯಗಳಿಗೆ ಚಳಿಗಾಲದಲ್ಲಿ, ಟ್ರೌಟ್ ಹಿಡಿಯುವ ಜನರಿಗಾಗಿ, ಸಾಕಿದ ಮಳೆಬಿಲ್ಲು ಟ್ರೌಟ್‌ಗಳನ್ನು ಟ್ರಕ್ಕಿನಲ್ಲಿ ತಂದು ಸುರಿಯುತ್ತಿದ್ದರು. ತೊಟ್ಟಿಯಲ್ಲಿ ಬೆಳೆದ, ಅಪಾಯ ಅಂದರೇನೆಂದು ಗೊತ್ತಿಲ್ಲದ, ಕೊಬ್ಬಿದ ಟ್ರೌಟ್! ಫ್ಲಾರಿಡದ ಬಾಸ್‌ಗೆ ಇನ್ನೇನು ಬೇಕು? ಮನೆಬಾಗಿಲಿಗೇ ಟಿಫಿನ್ ಬಂದ ಹಾಗಾಯಿತು. 1980ರಲ್ಲಿ ಕಸೀಟಸ್ ಕೆರೆಯಲ್ಲಿ 21 ಪೌಂಡ್ 3 ಔನ್ಸಿನದು, 1991ರಲ್ಲಿ ಕಸ್ಟೇಕ್ ಕೆರೆಯಲ್ಲಿ 22 ಪೌಂಡಿನದು ಸಿಕ್ಕಿತು. ಪೆರ್‍ರಿಯ ದಾಖಲೆ ಇನ್ನೇನು ಮುರಿಯಿತು ಎಂದು ಜನ ಕೆಲಸ ಬಿಟ್ಟು ಕೆರೆ ಕಾದರು.

ಎಂಟೊಂಬತ್ತು ಇಂಚಿನ ಟ್ರೌಟ್ ತಿಂದು ರೂಢಿಯಾದ ಮೀನಿಗೆ ಆರಿಂಚಿನ ಹುಳು ಯಾವ ಲೆಕ್ಕ? ಅಲನ್ ಕೋಲ್ ಎಂಬಾತ ಮರದ ಮೈಗೆ ಮೆತ್ತನೆಯ ಬಾಲ ಜೋಡಿಸಿ ಎ.ಸಿ. ಪ್ಲಗ್ ಮಾಡಿದ. ಆಮೇಲೆ ಟ್ರೌಟ್‌ನ ಅಚ್ಚಿನಂಥ ಮೆತ್ತನೆಯ ಮೀನುಗಳು ಬಂದವು. 2000ರ ದಶಕದಲ್ಲಿ ಕೆನ್ ಹಡಲ್‌ಸ್ಟನ್ ಮಾಡಿದ ಎಂಟಿಂಚಿನ ಟ್ರೌಟ್ ಚಿತ್ರ ನೋಡಿದರೆ ಮೀನುಪೇಟೆಯಲ್ಲಿ ಇಟ್ಟರೂ ಕೊಂಡುಹೋಗುತ್ತಾರೆ ಅನ್ನಿಸುತ್ತದೆ. 2007ರಲ್ಲಿ ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕಿನಲ್ಲಿ ಸ್ಟೀವ್ ಕೆನಡಿ ನಾಲ್ಕು ದಿನದಲ್ಲಿ ಇಪ್ಪತ್ತು ಬಾಸ್ ಸೇರಿ 122 ಪೌಂಡ್ 14 ಔನ್ಸ್ ತೂಗಿ ಗೆದ್ದಾಗ ಸ್ವಿಮ್‌ಬೇಟ್ ದೇಶದ ಉಳಿದ ಭಾಗಕ್ಕೂ ಗೊತ್ತಾಯಿತು.

ಈಗ ಕೊಕ್ಕೆಯ ಪ್ರಶ್ನೆ ಮತ್ತೆ ಎದ್ದಿತು, ಈ ಸಲ ಇನ್ನೂ ಕಠಿಣವಾಗಿ. ತೆಳ್ಳನೆಯ ಹುಳುವಿನ ಮೈ ಸೀಳಿ ಮೊನೆ ಬರುವುದು ಸುಲಭ. ಮೂರು ಬೆರಳು ದಪ್ಪದ ಮೀನಿನ ಮೈ ಸೀಳುವುದು ಹೇಗೆ? ಮೊನೆ ಹೊರಗಿಟ್ಟರೆ ಎರೆಯ ತೂಕವೇ ಬಾಸ್‌ಗೆ ಸನ್ನೆಗೋಲಾಗುತ್ತದೆ. ತಲೆ ಕೊಡವಿದರೆ ಭಾರದ ಎರೆ ಅತ್ತಿತ್ತ ಬೀಸಿ ಕೊಕ್ಕೆ ಕಿತ್ತುಕೊಂಡು ಹೋಗುತ್ತದೆ. ಇದಕ್ಕೆ ಕಂಡುಕೊಂಡ ಒಂದು ಉತ್ತರ ನನಗೆ ಬಹಳ ಹಿಡಿಸಿತು. ದಾರವನ್ನು ಪ್ಲಾಸ್ಟಿಕ್ ಮೀನಿನ ಮೂತಿಯಿಂದ ಒಳಗೆ ತೂರಿಸಿ ಹೊಟ್ಟೆಯಿಂದ ಹೊರತೆಗೆದು, ಅಲ್ಲಿ ಕೊಕ್ಕೆ ಕಟ್ಟುವುದು. ಮೀನು ಕಚ್ಚಿದ ಕೂಡಲೆ ಕೊಕ್ಕೆ ಎರೆಯಿಂದ ಬಿಡಿಸಿಕೊಳ್ಳುತ್ತದೆ, ಎರೆ ದಾರದ ಮೇಲೆ ಮೇಲಕ್ಕೆ ಸರಿದುಹೋಗುತ್ತದೆ. ಬಾಸ್ ತಲೆ ಕೊಡವಲಿ, ಎದುರಿಗೆ ಭಾರವೇ ಇಲ್ಲ.

ಇದು ದೊಡ್ಡ ಮೀನಿನ, ತೆರೆದ ನೀರಿನ ರಿಗ್. ಪವಾಯಿಯ ಹುಡುಗರ ಪೊಟ್ಟಣದಲ್ಲಿರುವ ಮೂರು, ನಾಲ್ಕು ಇಂಚಿನ ಬೂಟುಬಾಲದವಕ್ಕೆ ಎರಡು ದಾರಿ. ಕಸವಿಲ್ಲದ ನೀರಾದರೆ ಸೀಸದ ತಲೆಯೇ ಅಂಟಿಕೊಂಡಿರುವ ಕೊಕ್ಕೆ. ಮೂತಿಯ ನಟ್ಟನಡುವೆ ಚುಚ್ಚಿ, ಬೆನ್ನಿನ ನಡುವೆ ಮೊನೆ ಹೊರತೆಗೆಯುವುದು. ಜೊಂಡು, ಬೊಡ್ಡೆ ಇದ್ದರೆ ಟೆಕ್ಸಸ್ ರಿಗ್ಗಿನ ಮೊಮ್ಮಗ: ಅಗಲ ಬಾಗಿನ ಕೊಕ್ಕೆ, ಅದರ ಹೊಟ್ಟೆಗೆ ಮೂರೂವರೆಯಿಂದ ಏಳು ಗ್ರಾಮಿನ ಸೀಸ, ಕಣ್ಣಿನ ಬಳಿ ಒಂದು ಪುಟ್ಟ ಸ್ಪ್ರಿಂಗ್. ಆ ಸ್ಪ್ರಿಂಗನ್ನು ಮೀನಿನ ಮೂತಿಯ ನಡುವಿಗೆ ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸಬೇಕು. ಮೊನೆಯನ್ನು ಹೊಟ್ಟೆಯ ಸೀಳಿನಿಂದ ಮೇಲೆ ತಂದು ಬೆನ್ನಿನ ಸಣ್ಣ ಕಾಲುವೆಯಲ್ಲಿ ಮಲಗಿಸಬೇಕು. ಹೊಟ್ಟೆಯ ಸೀಸ ದೋಣಿಯ ತಳದ ಹಾಗೆ ಮೀನನ್ನು ನೆಟ್ಟಗೆ ಇಡುತ್ತದೆ. ಚುಚ್ಚುವ ಮೊದಲು ಕೊಕ್ಕೆಯನ್ನು ಮೀನಿನ ಪಕ್ಕಕ್ಕೆ ಹಿಡಿದು ಅಳತೆ ನೋಡುವುದು ಮುಖ್ಯ, ದರ್ಜಿ ಬಟ್ಟೆ ಕತ್ತರಿಸುವ ಮೊದಲು ನೋಡುವ ಹಾಗೆ. ಮೈ ಒಂದು ಚೂರು ಸುಕ್ಕಾದರೂ, ಮೊನೆ ನಡುವಿನಿಂದ ಕೂದಲೆಳೆ ಸರಿದರೂ, ಎಳೆದಾಗ ಮೀನು ಈಜುವುದಿಲ್ಲ, ಬುಗುರಿಯ ಹಾಗೆ ಸುತ್ತುತ್ತದೆ, ದಾರ ಗಂಟುಗಂಟಾಗುತ್ತದೆ.

ಗಂಟರ್ಸ್‌ವಿಲ್ ನೆನಪಿದೆಯಲ್ಲ? 2011ರ ಅಕ್ಟೋಬರ್‌ನಲ್ಲಿ ಪಾಲ್ ಇಲಾಯಸ್ ಅಲ್ಲಿ 102 ಪೌಂಡ್ 8 ಔನ್ಸ್ ಬಾಸ್ ತೂಗಿ ಪಂದ್ಯ ಗೆದ್ದ. ಅವನ ಕೈಯಲ್ಲಿದ್ದದ್ದು ಅಲಬಾಮದ ಆಂಡಿ ಪಾಸ್ ಮಾಡಿದ ಅಲಬಾಮ ರಿಗ್. ಒಂದು ತಲೆಯಿಂದ ಛತ್ರಿಯ ಕಡ್ಡಿಗಳ ಹಾಗೆ ಐದು ತಂತಿ, ಪ್ರತಿ ತಂತಿಗೂ ಒಂದು ಮೆತ್ತನೆಯ ಸ್ವಿಮ್‌ಬೇಟ್. ಒಂದೇ ಮೀನಲ್ಲ, ಮೀನಿನ ಹಿಂಡೇ ಈಜಿ ಬಂದ ಹಾಗೆ. ಸಮುದ್ರದಲ್ಲಿ ಛತ್ರಿಯಂಥ ರಿಗ್ ಮೊದಲೇ ಇತ್ತು, ಸಿಹಿನೀರಿನ ಪಂದ್ಯಕ್ಕೆ ಹೊಸತು. ಅಂಗಡಿಗಳಲ್ಲಿ ಮುಗಿಬಿದ್ದರು. ರೇ ಸ್ಕಾಟ್ ಕಟ್ಟಿದ ಸಂಘವೇ 2012ರಲ್ಲಿ ತನ್ನ ಮೇಲಿನ ದರ್ಜೆಯ ಪಂದ್ಯಗಳಿಂದ ಇದನ್ನು ಹೊರಗಿಟ್ಟಿತು. ಇದು ಗಾಳವೋ ಬಲೆಯೋ ಎಂಬ ವಾದ ಆಗ ಜೋರಾಗಿ ನಡೆಯಿತು. ನನ್ನನ್ನು ಕೇಳಿದರೆ ಸಂಘ ಮಾಡಿದ್ದು ಸರಿ. ಐದು ಎರೆ ತೋರಿಸಿ ಒಂದು ಮೀನು ಹಿಡಿಯುವುದರಲ್ಲಿ ಜಾಣತನ ಇರಬಹುದು, ಆಟ ಕಡಿಮೆ.

ಪೆರ್‍ರಿಯ ದಾಖಲೆಯನ್ನು ಮುಟ್ಟಿದ್ದು ಕೊನೆಗೂ ಕ್ಯಾಲಿಫೋರ್ನಿಯ ಅಲ್ಲ, ಜಪಾನ್. 2009ರ ಜುಲೈ 2ರಂದು ಬೀವಾ ಸರೋವರದಲ್ಲಿ ಮನಾಬು ಕುರಿತಾ ಒಂದು ಔನ್ಸಿನಷ್ಟೂ ಹೆಚ್ಚಿರದ ಬಾಸ್ ಹಿಡಿದ. ದಾಖಲೆ ಮುರಿಯಲು ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದ ಇಬ್ಬರೂ ಸಮ ಎಂದು ಘೋಷಿಸಿದರು. ಎರೆ? ಪ್ಲಾಸ್ಟಿಕ್ ಅಲ್ಲ, ಜೀವಂತ ಮೀನು! ಇಷ್ಟೆಲ್ಲ ಪಾಕ, ಅಚ್ಚು, ಸ್ಪ್ರಿಂಗ್ ಆದ ಮೇಲೆ. ಜಪಾನಿಗೂ ಬಾಸ್ ಹೊರಗಿನದು, 1925ರಲ್ಲಿ ತಂದು ಬಿಟ್ಟದ್ದು. ಸ್ಥಳೀಯ ಮೀನುಗಳನ್ನು ತಿಂದು ಹಾಕುತ್ತದೆಂದು 2005ರಿಂದ ಅಲ್ಲಿ ಬಾಸ್ ಸಾಕುವುದು, ಜೀವಂತ ಸಾಗಿಸುವುದು ಕಾನೂನು ಪ್ರಕಾರ ಅಪರಾಧ.

ಉಳಿದದ್ದು ಪ್ಲಾಸ್ಟಿಕ್ಕಿನ ಲೆಕ್ಕ. ಮೂತಿ ಹರಿದ ಎರೆ ಕೊಕ್ಕೆಯಿಂದ ಜಾರಿ ನೀರಿಗೆ ಬೀಳುತ್ತದೆ. ಪಿವಿಸಿ ಕೊಳೆಯುವುದಿಲ್ಲ. ಕೆನಡಾದ ಆಂಟಾರಿಯೋದ ಚಾರ್ಲ್ಸ್‌ಟನ್ ಸರೋವರದಲ್ಲಿ ವಿಜ್ಞಾನಿಗಳು ನೋಡಿದಾಗ ಇಂಥವು ತಳದಲ್ಲಷ್ಟೇ ಅಲ್ಲ, ಕೆಲವು ಮೀನುಗಳ ಹೊಟ್ಟೆಯಲ್ಲೂ ಸಿಕ್ಕಿದವು. ನೀರಿನಲ್ಲಿ ಬಹಳ ದಿನ ಇದ್ದರೆ ಊದಿಕೊಳ್ಳುವ ಗುಣವೂ ಕೆಲವಕ್ಕಿದೆ. 2013ರಲ್ಲಿ ಅಮೆರಿಕದ ಮೇನ್ ರಾಜ್ಯದ ಶಾಸನಸಭೆಗೆ ಮೆತ್ತನೆಯ ಪ್ಲಾಸ್ಟಿಕ್ ಎರೆ ನಿಷೇಧಿಸುವ ಮಸೂದೆ ಬಂತು. ಗಾಳಗಾರರು ದೊಡ್ಡ ಗಲಾಟೆ ಮಾಡಿದರು. ನಿಷೇಧ ಹೋಗಿ, ಅಧ್ಯಯನ ಮಾಡಿ ವರದಿ ಕೊಡಿ ಎಂಬಲ್ಲಿಗೆ ಮುಗಿಯಿತು. (ಶಾಸನಸಭೆಗಳೂ ಎಲ್ಲ ದೇಶದಲ್ಲೂ ಒಂದೇ.) ಹಾಗಾಗಿ ಆ ಪುಟ್ಟ ಸ್ಪ್ರಿಂಗಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಬರೀ ಚುಚ್ಚಿದ ಮೂತಿ ಬೇಗ ಹರಿಯುತ್ತದೆ, ಸ್ಪ್ರಿಂಗಿಗೆ ತಿರುಗಿಸಿ ಕೂರಿಸಿದ್ದು ಹೆಚ್ಚು ಬಾಳುತ್ತದೆ. ಹುಡುಗರಿಗೆ ಇದನ್ನು ಹೇಳಿದ್ದೇನೆ, ಹರಿದದ್ದನ್ನು ಜೇಬಿಗೆ ಹಾಕಿಕೊಳ್ಳಿ ಎಂದೂ ಹೇಳಿದ್ದೇನೆ. "ಹೋ ಅಂಕಲ್" ಅನ್ನುತ್ತಾರೆ. ಜೇಬಿಗೆ ಹಾಕುತ್ತಾರೋ ಇಲ್ಲವೋ, ಅವರ ಪುಣ್ಯ.

ಟೆಕ್ಸಸ್ಸಿನ ಮುಳುಗಿದ ಮರಗಳಿಗೆ ಈಗ ಅರವತ್ತು ವರ್ಷ. ನೀರಿನಿಂದ ಮೇಲಿದ್ದ ಭಾಗ ಗಾಳಿ ಬಿಸಿಲಿಗೆ ಉದುರಿಹೋಗಿದೆ, ಒಳಗಿನದೂ ಕರಗುತ್ತಿದೆ. ಹಳೆಯ ಜಲಾಶಯಗಳಲ್ಲಿ ಬಾಸ್‌ಗೆ ಮರೆಯೇ ಇಲ್ಲವೆಂದು ಅಲ್ಲಿಯ ಮೀನುಗಾರಿಕೆ ಇಲಾಖೆಯವರೂ ಗಾಳಗಾರರ ಸಂಘಗಳೂ ಸೇರಿ ಪೊದೆ, ಬಿದಿರು ಕಟ್ಟಿ ಮುಳುಗಿಸುತ್ತಾರೆ. ಅವೂ ಕೊಳೆಯುತ್ತವಲ್ಲ? ಅದಕ್ಕೆ ಪಿವಿಸಿ ಪೈಪುಗಳನ್ನು ಚೌಕಾಕಾರದಲ್ಲಿ ಜೋಡಿಸಿ, ನಡುವೆ ಸುಕ್ಕು ಪೈಪುಗಳನ್ನು ಕೊಂಬೆಗಳ ಹಾಗೆ ಹೆಣೆದು ತಳಕ್ಕೆ ಇಳಿಬಿಡುತ್ತಿದ್ದಾರೆ. ಎಲ್ಲೆಲ್ಲಿ ಇಳಿಸಿದ್ದಾರೆ ಎಂಬ ಗುರುತುಗಳ ಪಟ್ಟಿಯನ್ನೂ ಸಾರ್ವಜನಿಕರಿಗೆ ಕೊಡುತ್ತಾರೆ. ಅದನ್ನು ನೋಡಿಕೊಂಡು ದೋಣಿಯಲ್ಲಿ ಹೋಗಿ, ಪಿವಿಸಿ ಮರದ ಪಕ್ಕಕ್ಕೆ ಸರಿಯಾಗಿ, ಪಿವಿಸಿ ಮೀನನ್ನು ಎಸೆಯುತ್ತಾರೆ.